ಕ್ರಿಸ್ಮಸ್ ತಯಾರಿಯ ತಲೆಬಿಸಿ ಕಡಿಮೆ ಮಾಡಿಕೊಳ್ಳುವುದು ಹೇಗೆ?

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಈ ಸಲ ಅತ್ತೆ-ಮಾವ, ನಾದಿನಿಯ ಸಂಸಾರ ಎಲ್ಲರೂ ಮಂಗಳೂರಿನಿಂದ ಬೆಂಗಳೂರಿನ ನಿಮ್ಮ ಮನೆಗೇ ಹಬ್ಬಕ್ಕೆ ಬರುತ್ತಿದ್ದಾರೆ, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡಲೋ ಆಫೀಸಿನ ಕೆಲಸ ಮುಗಿಸಲೋ ಗೊತ್ತಾಗದೆ ಈಗಲೇ ನಿದ್ದೆ ಹೋಗಿದೆ ಎಂದು ಬರೆದಿದ್ದೀರಿ. ನಮ್ಮದೂ ಬೆಂಗಳೂರಿಗೆ ಬಂದು ನೆಲೆಸಿದ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆ. ಹಾಗಾಗಿ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ನಿಮಗೆ ಒಪ್ಪಿದ್ದನ್ನು ತೆಗೆದುಕೊಳ್ಳಿ.

ಕುಸ್ವಾರ್ ಮೊದಲಿನಿಂದಲೂ ಒಬ್ಬರು ಮಾಡುವ ಕೆಲಸವೇ ಅಲ್ಲ. ಊರಿನಲ್ಲಿ ಅಜ್ಜಿ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು, ಮಕ್ಕಳು ಎಲ್ಲರೂ ಚಾಪೆ ಹಾಸಿ ಕೂತು ಮಾಡುತ್ತಿದ್ದ ತಿಂಡಿಗಳವು. ಅದನ್ನೆಲ್ಲ ಇಲ್ಲಿ ಫ್ಲಾಟಿನ ಅಡುಗೆಮನೆಯಲ್ಲಿ, ಆಫೀಸಿನಿಂದ ಬಂದಮೇಲೆ, ಒಬ್ಬರೇ ಬಾಣಲೆ ಮುಂದೆ ನಿಂತು ಮಾಡಲು ಹೊರಟರೆ ಎಂಥವರಿಗೂ ಕೈ ಸೋಲುತ್ತದೆ. ಆದ್ದರಿಂದ ನಾನು ಪಾಲಿಸುವುದು ಇಷ್ಟೇ: ನಾಲ್ಕು ಕೈ ಬೇಕಾದ ಕೆಲಸಕ್ಕೆ ಜನ ಬರುವ ತನಕ ಕಾಯುತ್ತೇನೆ, ಒಬ್ಬಳೇ ಮಾಡಬಹುದಾದ್ದನ್ನು ಆಗಮನ ಕಾಲ ಶುರುವಾದ ಮೊದಲ ವಾರದಲ್ಲೇ ಮುಗಿಸಿಬಿಡುತ್ತೇನೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಚರ್ಚ್ ಹೇಗೂ ತಯಾರಿಗೆಂದೇ ಇಟ್ಟಿದೆ. ಮನೆಯ ತಯಾರಿಗೂ ಅದೇ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಎಲ್ಲ ಬಗೆ ಮಾಡಬೇಕೆಂಬ ಹಟ ಬಿಡಿ. ನೆವ್ರ್ಯೊ (ಕರ್ಜಿಕಾಯಿ), ಕಿಡ್ಯೊ, ಗುಳಿಯೊ, ಕೊಕ್ಕಿಸಾಂ (ಹೂವಿನ ಅಚ್ಚಿನಲ್ಲಿ ಕರಿಯುವ ತಿಂಡಿ), ತುಕ್ಡಿ, ಚಕ್ಕುಲಿ, ಅಕ್ಕಿ ಲಾಡು, ಮೇಲೆ ಕೇಕು! ಇದರಲ್ಲಿ ಮೂರು ಮನೆಯಲ್ಲಿ ಮಾಡಿ, ಉಳಿದದ್ದನ್ನು ಮನೆಯಿಂದಲೇ ಮಾಡಿಕೊಡುವವರಿಗೆ ನವೆಂಬರಿನಲ್ಲೇ ಹೇಳಿಡಿ. ಯಾವ ಮೂರು ಎಂದು ನೀವೊಬ್ಬರೇ ತೀರ್ಮಾನ ಮಾಡಬೇಡಿ, ಅತ್ತೆಗೆ ಫೋನ್ ಮಾಡಿ ಕೇಳಿ. 'ಅತ್ತೆ, ಈ ಸಲ ಮೂರೇ ಬಗೆ ಆಗುವುದು, ಯಾವುದು ಇರಲೇಬೇಕು?' ಎಂದು ಕೇಳಿದರೆ ಅವರಿಗೆ ಸಂತೋಷವೇ ಆಗುತ್ತದೆ. ಹಬ್ಬದ ಮನೆಯಲ್ಲಿ ಮುಖ ಬಾಡುವುದು ಕೆಲಸ ಹೆಚ್ಚಾಯಿತು ಎಂದಲ್ಲ, ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಮೊದಲೇ ಹೇಳದೆ ಇರುವುದರಿಂದ. ಈ ಒಂದು ಫೋನ್ ಕಾಲ್ ನಿಮ್ಮ ಅರ್ಧ ಭಾರ ಇಳಿಸುತ್ತದೆ ಎಂದು ನಾನು ನಂಬಿಕೆಯಿಂದ ಹೇಳುತ್ತೇನೆ.

ನನ್ನನ್ನು ಕೇಳಿದರೆ ಮೂರರಲ್ಲಿ ಕಿಡ್ಯೊ ಇರಲೇಬೇಕು, ಅದೂ ಎಲ್ಲರೂ ಬಂದ ಮೇಲೆ. ಮೈದಾಕ್ಕೆ ಸ್ವಲ್ಪ ತುಪ್ಪ, ಮೊಟ್ಟೆ, ಗಟ್ಟಿ ತೆಂಗಿನ ಹಾಲು, ಚಿಟಿಕೆ ಉಪ್ಪು ಹಾಕಿ ಮೆತ್ತಗೆ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಒಬ್ಬೊಬ್ಬರ ಕೈಗೂ ಒಂದು ಫೋರ್ಕ್ ಕೊಡಿ. ಫೋರ್ಕಿನ ಬೆನ್ನಿಗೆ ಎಣ್ಣೆ ಸವರಿ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆಯನ್ನು ಅದರ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಸುರುಳಿ ಸುತ್ತಿದರೆ ಗೆರೆ ಗೆರೆಯಾಗಿ ಮೂಡುತ್ತದೆ. ಫೋರ್ಕ್ ಸಾಲದಿದ್ದರೆ ಹೊಸ ಬಾಚಣಿಗೆಯೂ ಆಗುತ್ತದೆ. ಮಕ್ಕಳದ್ದು ಸೊಟ್ಟಗಾಗುತ್ತದೆ, ಆಗಲಿ. ಮೊಣಕಾಲು ನೋವಿರುವ ಹಿರಿಯರೂ ಕುರ್ಚಿಯಲ್ಲಿ ಕೂತೇ ಮಾಡಬಹುದು. ಕರಿಯುವುದು, ಸಕ್ಕರೆ ಪಾಕ ಹಿಡಿಸುವುದು ಮಾತ್ರ ಒಬ್ಬರ ಕೈಯಲ್ಲಿರಲಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಬಿಸಿ ಇರುವಾಗ ಮುಚ್ಚಿದರೆ ಮೆತ್ತಗಾಗುತ್ತದೆ.

ನೆವ್ರ್ಯೊ ಮಾಡುವುದಾದರೆ ಹೂರಣದ ತೆಂಗಿನತುರಿಯನ್ನು ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಹುರಿಯಲೇಬೇಕು. ಹಸಿ ಉಳಿದರೆ ಹಬ್ಬದ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಕೊಕ್ಕಿಸಾಂ ಅಚ್ಚು ವರ್ಷವಿಡೀ ಮೂಲೆಯಲ್ಲಿ ಬಿದ್ದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಹಾಕಿ. ಇಲ್ಲದಿದ್ದರೆ ಹಿಟ್ಟು ಅಚ್ಚು ಬಿಡುವುದೇ ಇಲ್ಲ. ಕೇಕಿನ ಒಣಹಣ್ಣುಗಳನ್ನು ರಮ್ಮಿನಲ್ಲಿ ಈಗಲೇ ನೆನೆಹಾಕಬಹುದು, ಅದು ನಿಮ್ಮನ್ನು ಕಾಯಿಸುವ ಕೆಲಸವಲ್ಲ. ರಮ್ ಬೇಡವೆಂದರೆ ಬೇಯಿಸುವ ಹಿಂದಿನ ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್ಜಿನಲ್ಲಿಟ್ಟರೂ ಸಾಕು.

ಊಟದ ವಿಷಯದಲ್ಲಿ ದುಕ್ರಾಮಾಸ್ (ಹಂದಿಮಾಂಸದ ಸಾರು) ನಮ್ಮ ಕೈಹಿಡಿಯುತ್ತದೆ. ಬಾಫಾತ್ ಎಂಬ ನಮ್ಮ ಮಸಾಲೆ ಪುಡಿ, ವಿನೆಗರ್ ಹಿಡಿದುಕೊಂಡ ಮಾಂಸಕ್ಕೆ ಮರುದಿನವೇ ರುಚಿ ಹೆಚ್ಚು. ಹಾಗಾಗಿ 23ರ ಸಂಜೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟು, 25ರಂದು ಚೆನ್ನಾಗಿ ಕುದಿಸಿದರೆ ಆಯಿತು. ಮಾಂಸದಂಗಡಿಯವರಿಗೆ ಒಂದು ವಾರ ಮುಂಚೆಯೇ ಹೇಳಿ, ಕೊನೆಯ ಎರಡು ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸನ್ನಕ್ಕೆ (ಹುದುಗಿಸಿದ ಅಕ್ಕಿ ಹಿಟ್ಟಿನ ಇಡ್ಲಿಯಂಥದ್ದು) ಮಾತ್ರ ಬೆಂಗಳೂರಿನ ಚಳಿ ನೆನಪಿಡಿ. ಊರಿನಲ್ಲಿ ಉಬ್ಬಿದಷ್ಟು ಬೇಗ ಹಿಟ್ಟು ಇಲ್ಲಿ ಉಬ್ಬುವುದಿಲ್ಲ. ಕಳ್ಳು ಸಿಗದವರು ಯೀಸ್ಟ್ ಹಾಕುತ್ತೇವೆ, ಪಾತ್ರೆಗೆ ಕಂಬಳಿ ಸುತ್ತಿ ಉರಿ ಹಚ್ಚದ ಓವನ್ನಿನ ಒಳಗಿಡುತ್ತೇವೆ.

ಬರುವವರ ಟಿಕೆಟ್ಟು ಆಗಿದೆಯೇ ಎಂದು ಇವತ್ತೇ ಕೇಳಿ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಡಿಸೆಂಬರ್ 23ರ ಟಿಕೆಟ್ಟು ತೆರೆಯುವುದು ಅಕ್ಟೋಬರ್ 24ರ ಹೊತ್ತಿಗೆ. ಆ ದಿನ ತಪ್ಪಿದರೆ ವೇಟಿಂಗ್ ಲಿಸ್ಟು, ಇಲ್ಲವೇ ದುಪ್ಪಟ್ಟು ದರದ ಖಾಸಗಿ ಬಸ್ಸು. ವಾಪಸ್ ಹೋಗುವ ಟಿಕೆಟ್ಟನ್ನೂ ಮರೆಯಬೇಡಿ.

ಮನೆ ಶುಚಿ ಮಾಡುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನ ಕೂರುವ ಕೋಣೆ, ಬಚ್ಚಲು, ಅಡುಗೆಮನೆ ಇಷ್ಟು ಸಾಕು. ಅಟ್ಟ, ಕಪಾಟು ಜನವರಿಗಿರಲಿ.

24ರ ಸಂಜೆಯ ಮೇಲೆ ಒಲೆ ಹಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಹೊತ್ತು ಪೂಜೆಗೆ. ಇಲ್ಲಿನ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ಇಂಗ್ಲಿಷ್ ಪೂಜೆಗಳಿಗೆ ಬೇರೆ ಬೇರೆ ಸಮಯವಿರುತ್ತದೆ. ಯಾರು ಯಾವುದಕ್ಕೆ ಹೋಗುವುದು, ಮಕ್ಕಳಿಗೆ ಯಾವಾಗ ಊಟ ಎಂದು ಮೊದಲೇ ಮಾತಾಡಿಕೊಳ್ಳಿ. ಪಾಪನಿವೇದನೆಗೂ ಆಗಮನ ಕಾಲದ ಎರಡನೇ ವಾರದಲ್ಲೇ ಹೋಗಿ ಬನ್ನಿ, ಕೊನೆಯ ವಾರದ ಸಾಲು ಉದ್ದ. ಬಾಣಲೆಯ ಎಣ್ಣೆ ವಾಸನೆ ಮೈಗಂಟಿಸಿಕೊಂಡು, ಕಣ್ಣೆಳೆಯುತ್ತಾ ಪೂಜೆಯಲ್ಲಿ ನಿಲ್ಲುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಯೇಸು ಹುಟ್ಟಿದ ಸಂತೋಷ ಅವರಿಗೂ ಸೇರಬೇಕಲ್ಲವೇ?

ನೆರೆಮನೆಗಳಿಗೆ, ಆಫೀಸಿನವರಿಗೆ ಕುಸ್ವಾರ್ ತಟ್ಟೆ 25ರಂದೇ ತಲುಪಬೇಕೆಂದಿಲ್ಲ. ಜನವರಿ ಮೊದಲ ವಾರದ ಮೂರು ರಾಯರ ಹಬ್ಬದವರೆಗೂ ಇದು ಕ್ರಿಸ್ಮಸ್ ಕಾಲವೇ. ಒಣ ತಿಂಡಿಗಳು ಅಲ್ಲಿಯವರೆಗೆ ಚೆನ್ನಾಗಿಯೇ ಇರುತ್ತವೆ. ಹತ್ತಿರದವರಿಗೆ ಮೊದಲು ಕೊಟ್ಟು, ಉಳಿದವರ ಮನೆಗೆ ರಜೆ ಮುಗಿಯುವುದರೊಳಗೆ ನಿಧಾನವಾಗಿ ಹೋಗಿ, ಕೂತು ಮಾತಾಡಿ ಬನ್ನಿ.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕೆಲಸವನ್ನು ಪೂರ್ತಿ ಮಕ್ಕಳಿಗೇ ಬಿಡಿ, ನೀವು ಕೈ ಹಾಕಬೇಡಿ. ಅದರ ಹಸಿರಿಗೆ ರಾಗಿ ಬಿತ್ತುವುದಾದರೆ ಡಿಸೆಂಬರ್ 12–13ಕ್ಕೆ ತಟ್ಟೆಯಲ್ಲಿ ಮಣ್ಣು ಹರಡಿ ಬಿತ್ತಿಸಿ, ದಿನಾ ನೀರು ಚಿಮುಕಿಸಲು ಹೇಳಿ.