ಓದುಗರ ಪ್ರಶ್ನೆ: 51 ವರ್ಷ ಒಂದೇ ಕುರ್ಚಿಯಲ್ಲಿ ಕೂತವರು

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರಾದವರು ಎಂಟು ವರ್ಷಕ್ಕೆ ಗಂಟುಮೂಟೆ ಕಟ್ಟಬೇಕು. ರಾಬರ್ಟ್ ಬರ್ಡ್ ಅನ್ನುವ ಸೆನೆಟರ್ ಮಾತ್ರ 51 ವರ್ಷ ಇದ್ದರಂತೆ, ಅದು ಹೇಗೆ? ಅವರು ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್‌ನಲ್ಲಿದ್ದವರು ಅಂತಲೂ ಓದಿದೆ. ನಿಜವಾ?
– ಓದುಗರೊಬ್ಬರು, ಶಿವಮೊಗ್ಗ

ಎರಡೂ ನಿಜ. ಎಂಟು ವರ್ಷದ ಲೆಕ್ಕ ಅಧ್ಯಕ್ಷರಿಗೆ ಮಾತ್ರ, ಅದೂ 1951ರ ತಿದ್ದುಪಡಿ ಬಂದ ಮೇಲೆ. ಸೆನೆಟರ್ ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯ. ಅವರಿಗೆ ಆರು ವರ್ಷಕ್ಕೊಮ್ಮೆ ಚುನಾವಣೆ, ಗೆಲ್ಲುತ್ತಾ ಹೋದರೆ ಎಬ್ಬಿಸುವವರೇ ಇಲ್ಲ. ಕೆಲವು ರಾಜ್ಯಗಳು ಇದಕ್ಕೊಂದು ಮಿತಿ ಹಾಕಲು ಹೊರಟಿದ್ದವು. ಸಂವಿಧಾನ ತಿದ್ದದೆ ಅದಾಗಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರ್ಡ್ ಒಂಬತ್ತು ಸಲ ಗೆದ್ದರು. 1959ರ ಜನವರಿಯಲ್ಲಿ ಸೆನೆಟ್‌ಗೆ ಕಾಲಿಟ್ಟವರು 2010ರ ಜೂನ್‌ನಲ್ಲಿ, 92ನೇ ವಯಸ್ಸಿನಲ್ಲಿ, ಸೆನೆಟರ್ ಆಗಿದ್ದಾಗಲೇ ತೀರಿಕೊಂಡರು.

ಒಂದು ವರ್ಷದ ಕೂಸಾಗಿದ್ದಾಗ ತಾಯಿ 1918ರ ಫ್ಲೂಗೆ ಬಲಿಯಾದರು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಬಂಧುಗಳ ಮನೆಯಲ್ಲಿ ಬೆಳೆದರು. ಪೆಟ್ರೋಲ್ ಬಂಕ್, ಮಾಂಸದಂಗಡಿ, ಯುದ್ಧದ ಕಾಲದಲ್ಲಿ ಹಡಗು ಕಟ್ಟುವಲ್ಲಿ ವೆಲ್ಡಿಂಗ್, ಹೀಗೆ ಸಿಕ್ಕ ಕೆಲಸ ಮಾಡಿದರು. ಕ್ಲಾನ್ ಸೇರಿದ್ದು 1940ರ ದಶಕದ ಶುರುವಿನಲ್ಲಿ. ಸುಮ್ನೆ ಹೆಸರು ಬರೆಸಿದ್ದಲ್ಲ, ಊರಲ್ಲಿ ಜನ ಕೂಡಿಸಿ ಶಾಖೆಯನ್ನೇ ಕಟ್ಟಿದವರು. ಮುಂದೆ ಬದುಕಿನುದ್ದಕ್ಕೂ ಅದು ತಮ್ಮ ದೊಡ್ಡ ತಪ್ಪು ಅನ್ನುತ್ತಲೇ ಇದ್ದರು.

ಪ್ರಶ್ನೆ: ಹಾಗಿದ್ದೂ ಜನ ಯಾಕೆ ಓಟು ಹಾಕಿದರು?
– ಓದುಗರೊಬ್ಬರು, ದಾವಣಗೆರೆ

ದುಡ್ಡು ತಂದುಕೊಟ್ಟರು, ಅದಕ್ಕೆ. ಬಡ ರಾಜ್ಯ, ಗುಡ್ಡಗಾಡು. ಸೆನೆಟ್‌ನಲ್ಲಿ ಹಳಬರಾದಷ್ಟೂ ಕೈ ಉದ್ದ. 1989ರಲ್ಲಿ ಅವರು ಸರ್ಕಾರದ ಖರ್ಚಿಗೆ ಹಣ ಹಂಚುವ ಸಮಿತಿಯ ಅಧ್ಯಕ್ಷರಾದರು. ಹೆದ್ದಾರಿ ಬಂತು, ಎಫ್‌ಬಿಐನ ಬೆರಳಚ್ಚು ಕೇಂದ್ರ ಕ್ಲಾರ್ಕ್ಸ್‌ಬರ್ಗ್‌ಗೆ ಬಂತು. ಗ್ರೀನ್ ಬ್ಯಾಂಕ್ ಅನ್ನುವ ಹಳ್ಳಿಯಲ್ಲಿ 300 ಅಡಿ ಅಗಲದ ರೇಡಿಯೋ ಟೆಲಿಸ್ಕೋಪ್ ಇತ್ತು, 1988ರ ನವೆಂಬರ್‌ನ ಒಂದು ರಾತ್ರಿ ಅದು ಇದ್ದಕ್ಕಿದ್ದಂತೆ ಕುಸಿದು ಕಬ್ಬಿಣದ ರಾಶಿಯಾಯಿತು. ಬರ್ಡ್ ಪಟ್ಟು ಹಿಡಿದು ಹೊಸದಕ್ಕೆ ಹಣ ಮಂಜೂರು ಮಾಡಿಸಿದರು. 2000ದಲ್ಲಿ ಉದ್ಘಾಟನೆಯಾಯಿತು, ಹೆಸರು ಯಾರದು ಅಂತ ಬೇರೆ ಹೇಳಬೇಕಾ? ಟೀಕಾಕಾರರು ಅವರನ್ನು ಬೊಕ್ಕಸದ ದುಡ್ಡು ತಮ್ಮೂರಿಗೆ ಎಳೆಯುವ ರಾಜ ಅಂತ ಆಡಿಕೊಂಡರು. ಅದನ್ನು ಅವರು ಬೈಗುಳ ಅಂತ ತಗೊಳ್ಳಲೇ ಇಲ್ಲ.

ಪ್ರಶ್ನೆ: ಒಂದು ಮಸೂದೆ ತಡೆಯಲು ಇಡೀ ರಾತ್ರಿ ಮಾತಾಡಿದ್ದರಂತೆ?
– ಓದುಗರೊಬ್ಬರು, ಕಲಬುರಗಿ

ಹೌದು, 14 ಗಂಟೆ 13 ನಿಮಿಷ. ಹೋಟೆಲು, ಚಿತ್ರಮಂದಿರ, ಕೆಲಸ ಎಲ್ಲೂ ಬಣ್ಣ ನೋಡಿ ಜನರನ್ನು ದೂರ ಇಡಬಾರದು ಅನ್ನುವ 1964ರ ನಾಗರಿಕ ಹಕ್ಕುಗಳ ಮಸೂದೆ ಅದು. ಸೆನೆಟ್‌ನಲ್ಲಿ ಮಾತಿಗೆ ನಿಂತವರನ್ನು ಕೂರಿಸಬೇಕಾದರೆ ಆಗ 67 ಓಟು ಬೇಕಿತ್ತು (1975ರಿಂದ 60 ಸಾಕು). ಜೂನ್ 9ರ ಸಂಜೆ ಶುರು ಮಾಡಿದ ಬರ್ಡ್ ಮಾರನೇ ದಿನ ಬೆಳಿಗ್ಗೆ 9.51ಕ್ಕೆ ನಿಲ್ಲಿಸಿದರು. ಅದಾದ ಸ್ವಲ್ಪ ಹೊತ್ತಿಗೆ ಚರ್ಚೆ ಮುಗಿಸುವ ಓಟಿಗೆ ಹೆಸರು ಕರೆಯತೊಡಗಿದರು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಮೆದುಳಿನ ಗಡ್ಡೆಯಿಂದ ಸಾವಿನಂಚಿನಲ್ಲಿದ್ದರು, ಮಾತು ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಅವರ ಹೆಸರು ಬಂದಾಗ ಕಷ್ಟಪಟ್ಟು ಬೆರಳೆತ್ತಿ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ 'ಐ', ಒಪ್ಪಿಗೆಗೂ 'ಐ', ಅಲ್ವಾ? 71 ಓಟು ಬಿತ್ತು. ರಾತ್ರಿಯಿಡೀ ಆಡಿದ ಮಾತು ಅಲ್ಲಿಗೆ ನೀರಿನಲ್ಲಿ ಹೋಮ.

ನನಗೆ ಬರ್ಡ್ ಅಂದರೆ ಈ ರಾತ್ರಿಯ ಜೊತೆ ಇನ್ನೊಂದು ಬೆಳಿಗ್ಗೆಯೂ ನೆನಪಾಗುತ್ತದೆ. 2009ರ ಡಿಸೆಂಬರ್ 24, ಒಬಾಮ ಅವರ ಆರೋಗ್ಯ ವಿಮೆ ಮಸೂದೆಗೆ ಓಟು. ಈ ಸಲ ಗಾಲಿಕುರ್ಚಿಯಲ್ಲಿ ಬಂದದ್ದು ಬರ್ಡ್. ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಅಂತ ಹೇಳಿ 'ಐ' ಅಂದರು. ಆರೋಗ್ಯ ವಿಮೆಗಾಗಿ ದಶಕಗಳ ಕಾಲ ಹೋರಾಡಿದ್ದ ಸೆನೆಟರ್ ಕೆನಡಿ ಆ ಆಗಸ್ಟ್‌ನಲ್ಲಷ್ಟೇ ತೀರಿಕೊಂಡಿದ್ದರು. ಮಸೂದೆ 60–39ರಲ್ಲಿ ಪಾಸಾಯಿತು. ಇದರಿಂದ 1964ರ ಲೆಕ್ಕ ಚುಕ್ತಾ ಆಯಿತು ಅಂತ ನಾನು ಹೇಳಲ್ಲ. ಮುದುಕ ಬದಲಾದದ್ದಂತೂ ಹೌದು, 2008ರಲ್ಲಿ ಒಬಾಮ ಅವರಿಗೆ ಬೆಂಬಲ ಕೊಟ್ಟವರಲ್ಲಿ ಇವರೂ ಒಬ್ಬರು.

ಪ್ರಶ್ನೆ: ಅವರ ದಾಖಲೆ ಯಾರಾದರೂ ಮುರಿದಿದ್ದಾರಾ?
– ಓದುಗರೊಬ್ಬರು, ಮೈಸೂರು

ಸೆನೆಟ್‌ನಲ್ಲಿ ಇಲ್ಲ. ಎರಡೂ ಸದನ ಸೇರಿಸಿದರೆ ಬರ್ಡ್ ಅವರದು 57 ವರ್ಷ ದಾಟುತ್ತದೆ, ಅದನ್ನು 2013ರಲ್ಲಿ ಮಿಷಿಗನ್‌ನ ಜಾನ್ ಡಿಂಗೆಲ್ ಮುರಿದರು. ಅವರು ಕೆಳಮನೆಯಲ್ಲಿ 59 ವರ್ಷ ಇದ್ದರು. ಅವರಿಗಿಂತ ಮೊದಲು ಅಲ್ಲಿದ್ದದ್ದು ಅಪ್ಪ, 1933ರಿಂದ. ನಿವೃತ್ತರಾದ ಮೇಲೆ ಗೆದ್ದು ಬಂದವರು ಹೆಂಡತಿ ಡೆಬ್ಬಿ. ವಂಶ ರಾಜಕಾರಣ ನಮ್ಮ ಕಡೆ ಮಾತ್ರ ಅಂದುಕೊಂಡಿದ್ದಿರಾ?