ಅಪ್ಪನನ್ನು ಎಬ್ಬಿಸಿದ ರಾತ್ರಿ

ಓದುಗರೊಬ್ಬರ ಪತ್ರ: “ನಾನು ಹದಿನೈದು ವರ್ಷದಿಂದ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟನ್‌ಹ್ಯಾಮ್ ಅಭಿಮಾನಿ. 2024-25ರ ಪ್ರೀಮಿಯರ್ ಲೀಗ್‌ನಲ್ಲಿ ಇಪ್ಪತ್ತು ತಂಡಗಳಲ್ಲಿ ನಮ್ಮದು 17ನೇ ಸ್ಥಾನಕ್ಕೆ ಕುಸಿಯಿತು. 38 ಪಂದ್ಯಗಳಲ್ಲಿ 22 ಸೋಲು. ಯೂರೋಪಿನ ಕ್ಲಬ್‌ಗಳ ಬೇರೆ ಟೂರ್ನಿ ಯೂರೋಪಾ ಲೀಗ್‌ನ ಕಪ್ ಬಂತಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಒಂದು ಕಪ್ ಇಡೀ ವರ್ಷದ ಅವಮಾನವನ್ನು ತೊಳೆಯುತ್ತದೆಯೇ? ಕೋಚ್ ಪೋಸ್ಟೆಕೊಗ್ಲು ಅವರನ್ನು ತೆಗೆದದ್ದೇ ಸರಿ. ಆ ಸೀಸನ್ ಮರೆತರೆ ಸಾಕು. ಫೈನಲ್ ಮುಗಿದಾಗ ಮಲಗಿದ್ದ ಅಪ್ಪನನ್ನು ಎಬ್ಬಿಸಿ ‘ಗೆದ್ವಿ’ ಅಂದೆ, ಅಷ್ಟೇ. ಬೆಳಗ್ಗೆ ನೋಡಿದರೆ ಅಂಕಪಟ್ಟಿ ಹಾಗೇ ಇತ್ತು.”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟಿಗೆ ಕಾರಣವಿದೆ, ಇಲ್ಲ ಅನ್ನುವುದಿಲ್ಲ. ಗೆದ್ದದ್ದು 11, ಅಂಕ ಬರೀ 38. ಕಪ್ ಎತ್ತಿ ನಾಲ್ಕು ದಿನವಾಗಿತ್ತು, ತಮ್ಮದೇ ಮೈದಾನದಲ್ಲಿ ಬ್ರೈಟನ್‌ಗೆ 1-4ರಿಂದ ಸೋತರು. ಲೀಗ್‌ನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ಡಿವಿಷನ್‌ಗೆ ಇಳಿಯುತ್ತವೆ. ಆ ವರ್ಷ ಆ ಮೂರೂ ತೀರಾ ಸೊರಗಿದ್ದವು. ಹಾಗಾಗಿ ಬಚಾವಾದರು. ವಾರವಾರವೂ ದುಡ್ಡು ಕೊಟ್ಟು ಮೈದಾನಕ್ಕೆ ಹೋದವರಿಗೆ ಇದು ಸಣ್ಣ ನೋವಲ್ಲ. ಒಪ್ಪಿದೆ.

ಆದರೆ ಆ ‘ಅಷ್ಟೇ’ ಇದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆ.

2025ರ ಮೇ 21, ಸ್ಪೇನಿನ ಬಿಲ್ಬಾವೊದಲ್ಲಿ ಆ ಫೈನಲ್. ಪಂದ್ಯ ಮುಗಿಯುವಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಎರಡು ದಾಟಿತ್ತು. ಆ ಹೊತ್ತಿನಲ್ಲಿ ಮಲಗಿದವರನ್ನು ಯಾರೂ ಸುಮ್ನೆ ಎಬ್ಬಿಸುವುದಿಲ್ಲ. 17ನೇ ಸ್ಥಾನದ ಸುದ್ದಿ ಹೇಳಲು ನೀವು ಯಾರನ್ನಾದರೂ ಎಬ್ಬಿಸಿದ್ದಿರಾ? ಇಲ್ಲ ಅಲ್ವಾ? ಹಾಗಾದರೆ ಆ ಎರಡರಲ್ಲಿ ಯಾವುದು ದೊಡ್ಡದು ಅನ್ನುವುದು ನಿಮಗೆ ಆಗಲೇ ಗೊತ್ತಿತ್ತು.

ಆ ಪಂದ್ಯ ಚಂದ ಇರಲಿಲ್ಲ, ನಿಜ. ಚೆಂಡು ಹೆಚ್ಚು ಹೊತ್ತು ಮ್ಯಾಂಚೆಸ್ಟರ್ ಯುನೈಟೆಡ್ ಬಳಿಯೇ ಇತ್ತು. 42ನೇ ನಿಮಿಷದಲ್ಲಿ ಟಾಟನ್‌ಹ್ಯಾಮ್‌ನ ಬ್ರೆನನ್ ಜಾನ್ಸನ್ ಕಾಲಿಗೆ ತಾಗಿಯೂ ತಾಗದಂತೆ ಒಂದು ಗೋಲು. ಆಮೇಲೆ ಬರೀ ಕಾವಲು. ಯುನೈಟೆಡ್‌ನ ಹೊಯ್ಲುಂಡ್ ತಲೆಯಿಂದ ಕಳಿಸಿದ ಚೆಂಡು ಖಾಲಿ ಗೋಲಿನೊಳಗೆ ಬೀಳುವುದರಲ್ಲಿತ್ತು. ನಿಮ್ಮ ವಾನ್ ಡೆ ವೆನ್ ಹಿಂದಕ್ಕೆ ಹಾರಿ, ಗೆರೆಯ ಮೇಲಿಂದಲೇ ಅದನ್ನು ಕಾಲಲ್ಲಿ ಎತ್ತಿ ಹಾಕಿದ. ಅದನ್ನು ನೋಡಿದ ಯಾರಿಗೆ ಉಸಿರು ನಿಲ್ಲಲಿಲ್ಲ ಹೇಳಿ! ಸೋನ್ ಹ್ಯುಂಗ್-ಮಿನ್ 2015ರಿಂದ ಆ ಅಂಗಿ ತೊಟ್ಟವರು. ಆ ಕ್ಲಬ್ಬಿನಲ್ಲಿ ಅವರ ಮೊದಲ ಕಪ್ ಅದು. ಕ್ಲಬ್ಬಿಗೇ 2008ರ ನಂತರ ಒಂದು ಕಪ್ಪೂ ಬಂದಿರಲಿಲ್ಲ, ಯೂರೋಪಿನ ಕಪ್ ಬಂದು 41 ವರ್ಷವಾಗಿತ್ತು. ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹದಿನೈದು ವರ್ಷ ಕಾದವರು ನೀವು. ಅದಕ್ಕೇ ನಿಮ್ಮ ಪತ್ರ ನನಗೆ ಜಾಸ್ತಿ ಬೇಸರ ತಂದಿತು.

ನಮ್ಮ ಕಚೇರಿಯಲ್ಲಿ ಪುಟ ತಿದ್ದುವ ಹಿರಿಯರೊಬ್ಬರಿದ್ದಾರೆ. ಲಿವರ್‌ಪೂಲ್ ಅಂದರೆ ಅವರಿಗೆ ಪ್ರಾಣ. ನಿಮ್ಮ ಪತ್ರ ಬಂದ ದಿನ ಕೇಳಿದೆ, “2005ರಲ್ಲಿ ಲೀಗ್‌ನಲ್ಲಿ ನಿಮ್ಮ ತಂಡ ಎಷ್ಟನೇ ಸ್ಥಾನ?” ಕನ್ನಡಕ ತೆಗೆದು ಯೋಚಿಸಿದರು. ನೆನಪಾಗಲಿಲ್ಲ. “ಆ ವರ್ಷದ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್?” ಅಂದೆ. ಎದ್ದೇ ನಿಂತರು. ಅರ್ಧ ಆಟಕ್ಕೆ ಮಿಲಾನ್ ಎದುರು 0-3, ಆಮೇಲೆ ಆರೇ ನಿಮಿಷದಲ್ಲಿ ಮೂರು ಗೋಲು, ಕೊನೆಗೆ ಪೆನಾಲ್ಟಿಯಲ್ಲಿ ಗೆಲುವು. ನಾಯಕ ಜೆರಾರ್ಡ್ ತಲೆಯಿಂದ ಗೋಲು ಹೊಡೆದದ್ದನ್ನು ಮೇಜಿನ ಪಕ್ಕ ನಿಂತು ಮಾಡಿಯೇ ತೋರಿಸಿದರು. ಆ ವರ್ಷ ಲಿವರ್‌ಪೂಲ್ ಲೀಗ್‌ನಲ್ಲಿ ಐದನೆಯದು, ಮೊದಲು ಬಂದ ಚೆಲ್ಸಿಗಿಂತ 37 ಅಂಕ ಹಿಂದೆ. ನಾನು ಹೇಳಿದಾಗ “ಹೌದಾ?” ಅಂದು ಪುಟ ತಿದ್ದಲು ಕೂತರು.

ವಿಗನ್ ಎಂಬ ಸಣ್ಣ ಕ್ಲಬ್ಬಿನ ಕತೆ ಇನ್ನೂ ಗಟ್ಟಿ. 2013ರ ಮೇ 11ರಂದು ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್. ಎದುರಿಗೆ ಮ್ಯಾಂಚೆಸ್ಟರ್ ಸಿಟಿಯಂಥ ಸಿರಿವಂತ ತಂಡ. 90 ನಿಮಿಷ ದಾಟಿದ ಮೇಲೆ ಬದಲಿ ಆಟಗಾರ ಬೆನ್ ವಾಟ್ಸನ್ ತಲೆಯಿಂದ ಗೋಲು ಹೊಡೆದ. ಮೂರೇ ದಿನಕ್ಕೆ ಆರ್ಸೆನಲ್ ಎದುರು ಸೋತು ವಿಗನ್ ಕೆಳಗಿನ ಡಿವಿಷನ್‌ಗೆ ಇಳಿಯಿತು. ಒಂದೇ ಸೀಸನ್‌ನಲ್ಲಿ ಎಫ್‌ಎ ಕಪ್ ಗೆದ್ದು, ಕೆಳಕ್ಕೂ ಇಳಿದ ಮೊದಲ ತಂಡ ಅದು. ನಿಮ್ಮ ಲೆಕ್ಕದಲ್ಲಿ ಅದು ಮರೆಯಬೇಕಾದ ವರ್ಷ. ವಿಗನ್ ಊರಿನವರ ಮುಂದೆ ಹಾಗೆ ಹೇಳಿ ನೋಡಿ!

ಇನ್ನು ಕೋಚ್ ವಿಷಯ. ಎರಡನೇ ವರ್ಷದಲ್ಲಿ ನಾನು ಯಾವಾಗಲೂ ಏನಾದರೂ ಗೆಲ್ಲುತ್ತೇನೆ ಎಂದು ಪೋಸ್ಟೆಕೊಗ್ಲು 2024ರ ಸೆಪ್ಟೆಂಬರ್‌ನಲ್ಲೇ ಹೇಳಿದ್ದರು. ಜನ ನಕ್ಕರು. ಗಾಯಾಳುಗಳ ಸಾಲು ಬೆಳೆದು, ಹದಿನೆಂಟು ವರ್ಷದ ಆರ್ಚಿ ಗ್ರೇಯನ್ನು ಹಿಂದೆ ಕಾವಲಿಗೆ ನಿಲ್ಲಿಸಿ ಆಡಿಸಬೇಕಾಯಿತು. ಆಗಲೂ ನಕ್ಕರು. ಆ ಮನುಷ್ಯ ಹೇಳಿದಂತೆ ಗೆದ್ದು ತೋರಿಸಿದರು. ಹದಿನಾರನೇ ದಿನಕ್ಕೆ ಕೆಲಸ ಹೋಯಿತು. ಇದೇ ಕ್ಲಬ್ 2021ರಲ್ಲಿ ಲೀಗ್ ಕಪ್ ಫೈನಲ್‌ಗೆ ಆರೇ ದಿನ ಇರುವಾಗ ಆಗಿನ ಕೋಚ್ ಮೊರಿನ್ಯೊ ಅವರನ್ನು ಕಳಿಸಿತ್ತು. ಲೀಗ್‌ನ ಲೆಕ್ಕ ಹಿಡಿದು ತೆಗೆದದ್ದು ಸರಿ ಅನ್ನುತ್ತೀರಿ. ಇರಬಹುದು. ಆದರೆ ಬೀಳ್ಕೊಡುವಾಗ ಅಭಿಮಾನಿಯ ಬಾಯಲ್ಲಿ ಮೊದಲು ಬರಬೇಕಾದ ಮಾತು ಥ್ಯಾಂಕ್ಸ್. ನಿಮ್ಮ ಪತ್ರದಲ್ಲಿ ಅದು ಎಲ್ಲೂ ಕಾಣಲಿಲ್ಲ.

ನಿಮ್ಮನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಅಭಿಮಾನಿಗೆ ಕ್ಲಬ್ಬಿನ ಗುಮಾಸ್ತನ ಹಾಗೆ ಯೋಚಿಸಲು ಕಲಿಸಿದ್ದಾರೆ. ನಾಲ್ಕನೇ ಸ್ಥಾನ ಬಂದರೆ ಎಷ್ಟು ಕೋಟಿ, ಆರನೆಯದಾದರೆ ಎಷ್ಟು ನಷ್ಟ, ಇದೇ ಮಾತು. ಕಪ್ ಪಂದ್ಯ ಬಂತೆಂದರೆ ಒಳ್ಳೆಯ ಆಟಗಾರರನ್ನು ಲೀಗ್‌ಗೆಂದು ಉಳಿಸಿಕೊಂಡು ಬೆಂಚಿನ ಮೇಲೆ ಕೂರಿಸುತ್ತಾರೆ. 2024-25ರಿಂದ ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ ಸಮ ಆದರೆ ಇನ್ನೊಂದು ದಿನ ಆಡುವ ಮರುಪಂದ್ಯವನ್ನೇ ತೆಗೆದುಹಾಕಿದರು. ದೊಡ್ಡ ಕ್ಲಬ್‌ಗಳಿಗೆ ಪುರುಸೊತ್ತಿಲ್ಲವಂತೆ! 2005ರಲ್ಲಿ ಎಕ್ಸಿಟರ್ ಸಿಟಿ ಇಂಗ್ಲೆಂಡಿನ ಲೀಗ್‌ಗಳ ಐದನೇ ಹಂತದಲ್ಲಿ ಆಡುತ್ತಿದ್ದ ತಂಡ. ಅಭಿಮಾನಿಗಳೇ ಸೇರಿ ಕೈಗೆ ತೆಗೆದುಕೊಂಡಿದ್ದ ಕ್ಲಬ್, ತಲೆ ಮೇಲೆ ಸಾಲ. ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನಕ್ಕೇ ಹೋಗಿ 0-0 ಮಾಡಿಕೊಂಡು ಬಂತು. ತಮ್ಮ ಊರಲ್ಲಿ ನಡೆದ ಮರುಪಂದ್ಯ ಸೋತರು. ಆದರೆ ಆ ಎರಡು ಪಂದ್ಯಗಳ ಹಣ ಸಾಲ ತೀರಿಸಲು ನೆರವಾಯಿತು. ಇಂದು ಅಂಥದೇ ಒಂದು ಸಣ್ಣ ತಂಡ 0-0 ಮಾಡಿದರೆ, ಅದೇ ರಾತ್ರಿ ಹೆಚ್ಚುವರಿ ಆಟ ಆಡಿಸಿ, ಬೇಕಾದರೆ ಪೆನಾಲ್ಟಿ ಹೊಡೆಸಿ ಮನೆಗೆ ಕಳಿಸುತ್ತಾರೆ. ನಮ್ಮ ಪತ್ರಿಕೆಗಳೂ ಅಷ್ಟೇ. ಅಂಕಪಟ್ಟಿಗೆ ಅರ್ಧ ಪುಟ, ಕಪ್‌ಗೆ ಮೂರು ಸಾಲು. ನಾವೂ ಹಾಗೆ ಮಾಡಿದ್ದೇವೆ. ಇನ್ನು ಮುಂದೆ ಮಾಡುವುದಿಲ್ಲ.

ಟಾಟನ್‌ಹ್ಯಾಮ್‌ಗೆ 1961ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ತಂದ ನಾಯಕ ಡ್ಯಾನಿ ಬ್ಲಾಂಚ್‌ಫ್ಲವರ್. ಆಟ ಇರುವುದು ಬರೀ ಗೆಲ್ಲುವುದಕ್ಕಲ್ಲ, ಕೀರ್ತಿಗೆ ಅನ್ನುತ್ತಿದ್ದವರು. ನಿಮ್ಮದು ಅವರ ಕ್ಲಬ್.

ಆ ಸೀಸನ್ ಮರೆಯುವ ಮೊದಲು ಇನ್ನೊಂದು ಪತ್ರ ಬರೆಯಿರಿ. ಅಂಕ, ಸೋಲು ಯಾವುದೂ ಬೇಡ. ನೀವು ‘ಗೆದ್ವಿ’ ಅಂದಾಗ ಅಪ್ಪ ಏನಂದರು? ಎದ್ದು ಬಂದು ನಿಮ್ಮ ಜೊತೆ ಕೂತರಾ? ಅದಕ್ಕೆ ಇದೇ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.