ಸಿಂಹ ಹಿಂಡಿನ ಬೆನ್ನು ಹತ್ತುವುದಿಲ್ಲ
ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಆಫ್ರಿಕಾದ ಸೆರೆಂಗೆಟಿ–ಮಾರಾ ಬಯಲಿನಲ್ಲಿ ವಲಸೆ ಹೋಗುವ, ದನದಂಥ ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್‌ಗಳನ್ನು ಸಿಂಹಗಳು ಬೇಟೆಯಾಡುವ ಬಗೆಯ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ವಲಸೆ ಹೊರಟಾಗ ಸಿಂಹಗಳೂ ಅವುಗಳ ಹಿಂದೆಯೇ ಹೋಗುತ್ತವೆಯೇ?

ಇಲ್ಲ. ಟಿವಿಯಲ್ಲಿ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಸಿಂಹದ ಗುಂಪಿಗೆ ತನ್ನದೇ ಆದ ಸರಹದ್ದು ಇರುತ್ತದೆ. ನೀರು, ನೆರಳು, ಮರಿಗಳನ್ನು ಬಚ್ಚಿಡುವ ಪೊದೆ ಎಲ್ಲವೂ ಅದರೊಳಗೇ. ಸರಹದ್ದು ದಾಟಿದರೆ ಪಕ್ಕದ ಗುಂಪಿನ ಜೊತೆ ಜಗಳ, ಅದರಲ್ಲಿ ಸಾವೂ ಆಗಬಹುದು. ಹುಟ್ಟಿದ ಮರಿಗಳು ಮೊದಲ ಐದಾರು ವಾರ ಅಡಗುತಾಣ ಬಿಟ್ಟು ಬರುವುದಿಲ್ಲ. ಅಂಥ ಮರಿಗಳನ್ನು ಕಟ್ಟಿಕೊಂಡು ನೂರಾರು ಕಿಲೋಮೀಟರ್ ನಡೆಯುವುದು ಆಗದ ಮಾತು. ಸ್ವಂತ ಸರಹದ್ದಿಲ್ಲದ ಅಲೆಮಾರಿ ಸಿಂಹಗಳು ಕೆಲವು ಹಿಂಡಿನ ಜಾಡು ಹಿಡಿಯುವುದುಂಟು. ಉಳಿದವು ಇದ್ದಲ್ಲೇ ಇದ್ದು ಹಿಂಡು ಬರುವುದನ್ನು ಕಾಯುತ್ತವೆ.

ಹಿಂಡಿನ ದಾರಿ ಮಳೆಯನ್ನು ಅನುಸರಿಸುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಟಾಂಜಾನಿಯಾದ ದಕ್ಷಿಣದ ಗಿಡ್ಡ ಹುಲ್ಲಿನ ಬಯಲು, ಅಂದರೆ ಎನ್ಡುಟು ಸುತ್ತಮುತ್ತ. ಮೇ–ಜೂನ್‌ನಲ್ಲಿ ಪಶ್ಚಿಮಕ್ಕೆ, ಗ್ರುಮೆಟಿ ನದಿಯ ಕಡೆ. ಜುಲೈಯಿಂದ ಅಕ್ಟೋಬರ್ ತನಕ ಉತ್ತರದಲ್ಲಿ, ಮಾರಾ ನದಿಯ ಎರಡೂ ದಡಗಳಲ್ಲಿ, ಕೀನ್ಯಾದ ಮಾಸಾಯಿ ಮಾರಾವೂ ಸೇರಿದಂತೆ. ನವೆಂಬರ್‌ನ ಮಳೆಗೆ ಮತ್ತೆ ದಕ್ಷಿಣಕ್ಕೆ. ಹಾಗಾಗಿ ಒಂದೊಂದು ಸಿಂಹದ ಗುಂಪಿಗೂ ವರ್ಷದಲ್ಲಿ ಕೆಲವು ತಿಂಗಳು ಸುಗ್ಗಿ, ಉಳಿದ ತಿಂಗಳು ಬರ. ದಕ್ಷಿಣದ ಬಯಲಿನ ಗುಂಪುಗಳಿಗೆ ಈ ಬರ ತೀರಾ ಕಠಿಣ. ಹಿಂಡು ಹೋದ ಮೇಲೆ ಅಲ್ಲಿ ಉಳಿಯುವುದು ಕಾಡುಹಂದಿಯಂಥ ವಾರ್ಟ್‌ಹಾಗ್, ಅಲ್ಲೊಂದು ಇಲ್ಲೊಂದು ಗಸೆಲ್ ಹುಲ್ಲೆ. ದೊಡ್ಡವು ಹೇಗೋ ಸುಧಾರಿಸಿಕೊಳ್ಳುತ್ತವೆ, ಮರಿಗಳು ಹಸಿವಿನಿಂದ ಸಾಯುತ್ತವೆ.

ಕತ್ತೆಕಿರುಬದ ಲೆಕ್ಕವೇ ಬೇರೆ. ಅದು ಮರಿಗಳನ್ನು ಗೂಡಿನಲ್ಲಿ ಬಿಟ್ಟು, ಹಿಂಡು ಇರುವಲ್ಲಿಗೆ ಸುಮಾರು 40 ಕಿ.ಮೀ. ಹೋಗಿ, ತಿಂದು, ಹಾಲೂಡಿಸಲು ಮರಳುತ್ತದೆ. ಸಿಂಹಿಣಿಗೆ ಆ ಓಡಾಟ ಒಗ್ಗುವುದಿಲ್ಲ.

ಪ್ರಶ್ನೆ: ಬೇಟೆ ಹಂತ ಹಂತವಾಗಿ ಹೇಗೆ ನಡೆಯುತ್ತದೆ? ಅಷ್ಟು ಬಲಶಾಲಿ ಪ್ರಾಣಿ ಹೆಚ್ಚಿನ ಸಲ ಸೋಲುತ್ತದೆ ಅನ್ನುತ್ತಾರಲ್ಲ, ನಿಜವೇ?

ನಿಜ. ಸಿಂಹ ಒಂಟಿಯಾಗಿದ್ದರೆ ಐದಾರು ಪ್ರಯತ್ನಗಳಲ್ಲಿ ಒಂದು ಫಲಿಸುತ್ತದೆ. ಎರಡು ಅಥವಾ ಹೆಚ್ಚಿದ್ದರೆ ಮೂರು-ನಾಲ್ಕರಲ್ಲಿ ಒಂದು. ಕಾರಣ ತಿಳಿಯಲು ಮೊದಲು ಓಟದ ಲೆಕ್ಕ ನೋಡಬೇಕು.

ಸಿಂಹದ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಆಸುಪಾಸು. ವೈಲ್ಡ್‌ಬೀಸ್ಟ್ 60 ದಾಟುತ್ತದೆ, ಅದೇ ವೇಗದಲ್ಲಿ ಬಹಳ ದೂರ ಓಡಲೂ ಬಲ್ಲದು. ಸಿಂಹದ ಹೃದಯ ಅದರ ಮೈಗೆ ಹೋಲಿಸಿದರೆ ಸಣ್ಣದು, ದೇಹತೂಕದ ನೂರಕ್ಕೆ ಅರ್ಧದಷ್ಟು ಮಾತ್ರ. ಕತ್ತೆಕಿರುಬದ್ದು ನೂರಕ್ಕೆ ಒಂದರ ಹತ್ತಿರ. ಅದಕ್ಕೇ ಕತ್ತೆಕಿರುಬ ಕಿಲೋಮೀಟರ್‌ಗಟ್ಟಲೆ ಅಟ್ಟಿಸಿಕೊಂಡು ಹೋಗುತ್ತದೆ, ಸಿಂಹ ನೂರಿನ್ನೂರು ಮೀಟರ್‌ಗೇ ಏದುಸಿರು ಬಿಟ್ಟು ಕೂರುತ್ತದೆ. ಸಿಂಹದ ಕೈಲಿರುವ ಒಂದೇ ತುರುಪು ಎಂದರೆ ನಿಂತಲ್ಲಿಂದ ಚಿಮ್ಮುವ ಶಕ್ತಿ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಅದು ವೈಲ್ಡ್‌ಬೀಸ್ಟ್‌ಗಿಂತ ಬಹಳ ಬೇಗ ವೇಗ ಹೆಚ್ಚಿಸಿಕೊಳ್ಳುತ್ತದೆ. ಅಷ್ಟರೊಳಗೆ ಮುಟ್ಟಿದರೆ ಊಟ, ಇಲ್ಲದಿದ್ದರೆ ಇಲ್ಲ. ಇಡೀ ಬೇಟೆ ನಿಂತಿರುವುದು 30 ಮೀಟರ್ ಒಳಗೆ ಕಾಣದಂತೆ ತಲುಪುವುದರ ಮೇಲೆ.

ಹಾಗಾಗಿ ಬೇಟೆಯ ಮೊದಲ ಹೆಜ್ಜೆ ಜಾಗ ಹಿಡಿಯುವುದು. 2005ರಲ್ಲಿ ಪ್ರಕಟವಾದ ಸೆರೆಂಗೆಟಿಯ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಸಿಂಹಗಳು ಹೆಚ್ಚಾಗಿ ಕೊಲ್ಲುವುದು ಪ್ರಾಣಿಗಳು ಅತಿ ಹೆಚ್ಚು ಇರುವಲ್ಲಿ ಅಲ್ಲ, ಪ್ರಾಣಿಗಳು ಸುಲಭಕ್ಕೆ ಸಿಗುವಲ್ಲಿ: ತೊರೆಯ ದಡದ ಪೊದೆ, ಮಳೆನೀರು ಕೊರೆದ ಕೊರಕಲು, ಎರಡು ಹಳ್ಳ ಕೂಡುವ ಮೂಲೆ, ನೀರು ಕುಡಿಯುವ ಗುಂಡಿ. ಸಂಗಮದ ಮೂಲೆಯಲ್ಲಿ ನೀರೂ ಇರುತ್ತದೆ, ಮರೆಯೂ ಇರುತ್ತದೆ. ಎರಡು ಹಳ್ಳಗಳ ನಡುವೆ ಬಂದ ಪ್ರಾಣಿಗೆ ಓಡಲು ದಾರಿಯೂ ಕಡಿಮೆ. ಇಂಥ ಮೂಲೆಗಳಿಗಾಗಿಯೇ ಸಿಂಹದ ಗುಂಪುಗಳು ಪರಸ್ಪರ ಹೊಡೆದಾಡುತ್ತವೆ. ನಮ್ಮಲ್ಲಿ ನೀರಾವರಿ ಜಮೀನಿಗಾಗಿ ಕೋರ್ಟು ಹತ್ತುವ ಹಾಗೆ ಎನ್ನೋಣ!

ಎರಡನೆಯದು ನುಸುಳುವಿಕೆ. ಸಿಂಹಿಣಿ ಹೊಟ್ಟೆಯನ್ನು ನೆಲಕ್ಕೆ ತಾಗಿಸಿದಂತೆ ತಗ್ಗಿ, ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಕೆಳಗಿಟ್ಟು ನಡೆಯುತ್ತಾಳೆ. ವೈಲ್ಡ್‌ಬೀಸ್ಟ್ ತಲೆ ತಗ್ಗಿಸಿ ಮೇಯುವಾಗ ಮುಂದೆ ಹೆಜ್ಜೆ, ತಲೆ ಎತ್ತಿದ ಕೂಡಲೇ ಇದ್ದಲ್ಲೇ ಕಲ್ಲು. ಎತ್ತಿದ ಮುಂಗಾಲು ಗಾಳಿಯಲ್ಲೇ ನಿಂತಿರುತ್ತದೆ. ಇನ್ನೂರು ಮೀಟರ್ ಸಾಗಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಂದು ವಿಚಿತ್ರವೆಂದರೆ, ಗಾಳಿಗೆದುರಾಗಿ ಬಂದಾಗ ಬೇಟೆ ಹೆಚ್ಚು ಫಲಿಸಿದರೂ ಸಿಂಹಗಳು ಗಾಳಿಯ ದಿಕ್ಕಿಗೆ ಬೆಲೆ ಕೊಡುವುದಿಲ್ಲ. 1966ರಲ್ಲಿ ಸೆರೆಂಗೆಟಿಯಲ್ಲಿ ಸಿಂಹಗಳ ದೀರ್ಘ ಅಧ್ಯಯನ ಆರಂಭಿಸಿದ ಜಾರ್ಜ್ ಶಾಲರ್ ಗಮನಿಸಿದ ಸಂಗತಿ ಇದು. ನಮ್ಮ ಕಾಡಿನ ಹಳೆಯ ಬೇಟೆಗಾರರು ಕೇಳಿದ್ದರೆ ನಕ್ಕಾರು.

ಮೂರನೆಯದು ನುಗ್ಗು, ನಾಲ್ಕನೆಯದು ಹಿಡಿತ. ಸಿಂಹಿಣಿ ಸಾಮಾನ್ಯವಾಗಿ ಹಿಂದಿನಿಂದ ಅಥವಾ ಓರೆಯಿಂದ ಬಂದು, ಒಂದು ಮುಂಗಾಲಿನ ಉಗುರನ್ನು ಪೃಷ್ಠಕ್ಕೋ ಭುಜಕ್ಕೋ ಕೊಕ್ಕೆಯಂತೆ ಹಾಕಿ, ತನ್ನ ಭಾರವನ್ನೆಲ್ಲ ಕೆಳಕ್ಕೆ ಹೇರುತ್ತಾಳೆ. ಸಿಂಹಿಣಿಯ ತೂಕ ಸುಮಾರು 120 ಕಿಲೋ, ಬೆಳೆದ ವೈಲ್ಡ್‌ಬೀಸ್ಟ್ 160–200 ಕಿಲೋ. ಎದುರು ಬದುರು ಬಲಪ್ರಯೋಗ ಮಾಡಿದರೆ ಗೆಲುವು ಖಾತ್ರಿಯಲ್ಲ. ಓಡುತ್ತಿರುವ ಪ್ರಾಣಿಯ ಆಯ ತಪ್ಪಿಸಿದರೆ ಅದರ ವೇಗವೇ ಅದನ್ನು ಕೆಡವುತ್ತದೆ. ಬಿದ್ದ ಕೂಡಲೇ ಬಾಯಿ ಗಂಟಲಿಗೆ ಹೋಗುತ್ತದೆ. ರಕ್ತ ಹೀರುತ್ತದೆ ಎಂಬ ನಂಬಿಕೆ ಸುಳ್ಳು. ಶ್ವಾಸನಾಳವನ್ನು ಒತ್ತಿ ಹಿಡಿದು ಉಸಿರು ಕಟ್ಟಿಸುವುದು ಅದರ ಕೆಲಸ. ಕೆಲವೊಮ್ಮೆ ಮೂಗು-ಬಾಯಿ ಎರಡನ್ನೂ ಸೇರಿಸಿ ತನ್ನ ಬಾಯೊಳಗೆ ಮುಚ್ಚಿ ಹಿಡಿಯುತ್ತದೆ. ಸಾವಿಗೆ ಹಲವು ನಿಮಿಷ ಬೇಕು. ಅಷ್ಟು ಹೊತ್ತೂ ಗೊರಸು ತಾಗದಂತೆ ಸಿಂಹಿಣಿ ತನ್ನ ಮೈಯನ್ನು ಪ್ರಾಣಿಯ ಬೆನ್ನಿನ ಕಡೆ ಇಟ್ಟುಕೊಳ್ಳುತ್ತಾಳೆ. ದವಡೆಗೆ ಒಂದು ಒದೆ ಬಿದ್ದರೆ ಮುಂದಿನ ತಿಂಗಳುಗಳ ಊಟಕ್ಕೇ ಕುತ್ತು.

ಇನ್ನು ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಮೂರನೆಯ ಹಂತಕ್ಕೂ ಮೊದಲೇ. ಹಿಂಡಿನಲ್ಲಿ ನೂರು ಜೋಡಿ ಕಣ್ಣು, ಒಂದು ಕಂಡು ಸೀನಿದಂತೆ ಸದ್ದು ಮಾಡಿದರೆ ಎಲ್ಲವೂ ಆ ಕಡೆ ತಿರುಗುತ್ತವೆ. ಗುಂಪಿನ ಎಳೆಯ ಸಿಂಹ ತಾಳ್ಮೆಗೆಟ್ಟು ಎಪ್ಪತ್ತು ಎಂಬತ್ತು ಮೀಟರ್ ಇರುವಾಗಲೇ ನುಗ್ಗಿದರೂ ಕತೆ ಮುಗಿಯಿತು. ನುಗ್ಗಿದ ಮೇಲೂ ವೈಲ್ಡ್‌ಬೀಸ್ಟ್ ನೇರ ಓಡದೆ ಕಡೆಯ ಕ್ಷಣದಲ್ಲಿ ಚಕ್ಕನೆ ತಿರುಗಿಬಿಡಬಹುದು. ಬೆನ್ನಟ್ಟುವವನು ತಡವಾಗಿ ತಿರುಗಬೇಕಾಗುತ್ತದೆ, ಆ ಅರೆಗಳಿಗೆಯೇ ಪ್ರಾಣ ಉಳಿಸುತ್ತದೆ. ಬೆಳದಿಂಗಳು ಕೂಡ ಸಿಂಹದ ಶತ್ರು. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಸೆರೆಂಗೆಟಿಯ ಸಿಂಹಗಳ ಹೊಟ್ಟೆ ಖಾಲಿ ಇರುವುದು ಹೆಚ್ಚು. ಹುಣ್ಣಿಮೆ ಕಳೆದ ಮೇಲೆ, ಸೂರ್ಯ ಮುಳುಗಿ ಚಂದ್ರ ಏಳುವ ನಡುವಿನ ಕತ್ತಲು ಅವಕ್ಕೆ ಬಲು ಇಷ್ಟ. ಟಾಂಜಾನಿಯಾದಲ್ಲಿ ಸಿಂಹಗಳು ಮನುಷ್ಯರ ಮೇಲೆ ಬಿದ್ದ ಪ್ರಕರಣಗಳೂ ಈ ದಿನಗಳಲ್ಲೇ ಜಾಸ್ತಿ.

ಪ್ರಶ್ನೆ: ಸಿಂಹಿಣಿಯರು ಮೊದಲೇ ಯೋಜನೆ ಮಾಡಿ ಸುತ್ತುವರಿಯುತ್ತಾರಂತೆ. ಹೌದೇ?

ಅರ್ಧ ಹೌದು. ನಮೀಬಿಯಾದ ಎತೋಷಾದಲ್ಲಿ ನಡೆದ ಅಧ್ಯಯನದಲ್ಲಿ ಕೆಲವು ಸಿಂಹಿಣಿಯರು ಯಾವಾಗಲೂ ರೆಕ್ಕೆಯ ಹಾಗೆ ಬದಿಯಿಂದ ಸುತ್ತಿ ಬರುವುದೂ, ಕೆಲವರು ನಡುವೆ ಕಾಯುವುದೂ ಕಂಡುಬಂತು. ತಮ್ಮ ತಮ್ಮ ಜಾಗದಲ್ಲಿದ್ದಾಗ ಬೇಟೆ ಹೆಚ್ಚು ಫಲಿಸಿತು. ಎತೋಷಾ ಬಟಾಬಯಲು, ಮರೆ ಇಲ್ಲದ ಕಡೆ ಕೈಜೋಡಿಸದೆ ಗತಿಯಿಲ್ಲ. ಸೆರೆಂಗೆಟಿಯಲ್ಲಿ ಕಂಡದ್ದು ಬೇರೆ. ವಾರ್ಟ್‌ಹಾಗ್‌ನಂಥ ಸುಲಭದ ಬೇಟೆಗೆ ಒಬ್ಬಳು ಹೊರಟರೆ ಉಳಿದವರು ಕೂತು ನೋಡುತ್ತಾರೆ. ಹೇಗೂ ಅವಳೇ ಹಿಡಿದಾಳು, ಹಂಚಿಕೊಂಡರಾಯಿತು. ಕಾಡೆಮ್ಮೆ ಅಥವಾ ಜೀಬ್ರಾ ಆದರೆ ಹೆಚ್ಚು ಮಂದಿ ಏಳುತ್ತಾರೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರಶ್ನೆ: ಗಂಡು ಸಿಂಹ ಬೇಟೆಯೇ ಆಡುವುದಿಲ್ಲವೇ?

ಆಡುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಗಂಡುಗಳು ದಟ್ಟ ಪೊದೆಯಲ್ಲಿ ಹೊಂಚು ಹಾಕಿ ಹಿಡಿಯುವುದು ಅಧ್ಯಯನದಲ್ಲಿ ದಾಖಲಾಗಿದೆ. ಪೊದೆಯೊಳಗೆ ನಡೆಯುವುದು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಹಾಗಾಗಿ ‘ಸೋಮಾರಿ’ ಎಂಬ ಹೆಸರು ಬಂತು. ಬಯಲಿನಲ್ಲಿ ಮಾತ್ರ ಆ ಕೇಸರ ದೂರದಿಂದಲೇ ಗುಟ್ಟು ರಟ್ಟು ಮಾಡುತ್ತದೆ. ಅಲ್ಲಿ ಅದು ಸಿಂಹಿಣಿಯರ ಬೇಟೆಯನ್ನೋ ಕತ್ತೆಕಿರುಬದ ಬೇಟೆಯನ್ನೋ ಕಸಿದು ತಿನ್ನುವುದೇ ಹೆಚ್ಚು. ಕತ್ತೆಕಿರುಬ ಸಿಂಹದ ಎಂಜಲು ತಿಂದು ಬದುಕುತ್ತದೆ ಎಂಬುದು ಹಳೆಯ ನಂಬಿಕೆ. ಟಾಂಜಾನಿಯಾದ ಗೊರೊಂಗೊರೊ ಕುಳಿಯಲ್ಲಿ 1960ರ ದಶಕದಲ್ಲಿ ಪ್ರಾಣಿವಿಜ್ಞಾನಿ ಹ್ಯಾನ್ಸ್ ಕ್ರೂಕ್ ರಾತ್ರಿಯಿಡೀ ಕಾದು ನೋಡಿದಾಗ ತಿಳಿದದ್ದು ಹೆಚ್ಚಾಗಿ ತಿರುವು ಮುರುವು.

ಪ್ರಶ್ನೆ: ವೈಲ್ಡ್‌ಬೀಸ್ಟ್ ಮರಿ ಹಾಕುವ ಕಾಲದಲ್ಲಿ ಸಿಂಹಗಳು ಅದರ ಎಲ್ಲ ಮರಿಗಳನ್ನೂ ತಿಂದು ಮುಗಿಸುವುದಿಲ್ಲವೇಕೆ?

ತಿನ್ನಲು ಹೊಟ್ಟೆ ಸಾಲದು, ಅಷ್ಟೆ. ವೈಲ್ಡ್‌ಬೀಸ್ಟ್ ಮೇ–ಜೂನ್‌ನಲ್ಲಿ ಬೆದೆಗೆ ಬಂದು, ಎಂಟು ತಿಂಗಳಿಗೂ ಮಿಕ್ಕಿ ಗರ್ಭ ಹೊತ್ತು, ಫೆಬ್ರವರಿ ಆಸುಪಾಸು ಈಯುತ್ತದೆ. ಶೇ 80ರಷ್ಟು ಕರುಗಳು ಎರಡು ಮೂರು ವಾರದೊಳಗೆ ನೆಲಕ್ಕೆ ಬೀಳುತ್ತವೆ. ಸಿಂಹಿಣಿಗೆ ದಿನಕ್ಕೆ ಸರಾಸರಿ ಐದು ಕಿಲೋ ಮಾಂಸ ಸಾಕು, ಆಮೇಲೆ ಕಣ್ಣೆದುರು ಕರು ಓಡಾಡಿದರೂ ಏಳುವುದಿಲ್ಲ. ಕರು ಹುಟ್ಟಿದ ಕೆಲವೇ ನಿಮಿಷಕ್ಕೆ ನಿಲ್ಲುತ್ತದೆ, ಒಂದೆರಡು ದಿನಕ್ಕೆ ತಾಯಿಯ ಜೊತೆ ಓಡುತ್ತದೆ. ಅಪಾಯವಿರುವುದು ಆ ಎರಡು ಮೂರು ವಾರಕ್ಕಿಂತ ಮುಂಚೆ ಅಥವಾ ತಡವಾಗಿ ಹುಟ್ಟಿದ ಕರುಗಳಿಗೆ, ಮತ್ತು ಗಲಾಟೆಯಲ್ಲಿ ತಾಯಿ ತಪ್ಪಿದ ಕರುಗಳಿಗೆ. ಆ ಬಯಲಿನ ಗಿಡ್ಡ ಹುಲ್ಲೂ ಕರುವಿನ ಪರವಾಗಿದೆ, ಸಿಂಹಕ್ಕೆ ಅಡಗಲು ಅಲ್ಲಿ ಏನೂ ಇಲ್ಲ. ಹಳೆಯ ಜ್ವಾಲಾಮುಖಿಗಳ ಬೂದಿಯಿಂದಾದ ಆ ಮಣ್ಣಿನ ಹುಲ್ಲಿನಲ್ಲಿ ಸುಣ್ಣ, ರಂಜಕದ ಅಂಶ ಹೇರಳ. ಹಾಲೂಡಿಸುವ ತಾಯಿಗೆ ಬೇಕಾದದ್ದು ಅದೇ.

ಪ್ರಶ್ನೆ: ವೈಲ್ಡ್‌ಬೀಸ್ಟ್ ಸಂಖ್ಯೆಯನ್ನು ಹತೋಟಿಯಲ್ಲಿಡುವುದು ಸಿಂಹವೇ ಅಲ್ಲವೇ?

ಅಲ್ಲ, ಹುಲ್ಲು. ಸತ್ತ ವಲಸೆ ಪ್ರಾಣಿಗಳ ಲೆಕ್ಕ ಹಾಕಿದಾಗ ದೊಡ್ಡ ಪಾಲು ಮಳೆಯಿಲ್ಲದ ತಿಂಗಳುಗಳಲ್ಲಿ ಮೇವಿಲ್ಲದೆ ಸೊರಗಿದವು. ಮಾರಾ ನದಿಯಲ್ಲೇ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗಿ ಸಾಯುತ್ತವೆ. 1961ರಲ್ಲಿ ಇಡೀ ಸೆರೆಂಗೆಟಿಯಲ್ಲಿ ಸುಮಾರು ಎರಡೂವರೆ ಲಕ್ಷ ವೈಲ್ಡ್‌ಬೀಸ್ಟ್‌ಗಳಿದ್ದವು. 1970ರ ದಶಕದ ಕೊನೆಗೆ 13 ಲಕ್ಷ ದಾಟಿತು. ಸಿಂಹಗಳೇನೂ ಆಗ ಕಡಿಮೆಯಾಗಿರಲಿಲ್ಲ, ತಿನ್ನಲು ಸಿಕ್ಕಿದ್ದರಿಂದ ಅವೂ ಹೆಚ್ಚಿದವು. ಬದಲಾದದ್ದು ರಿಂಡರ್‌ಪೆಸ್ಟ್, ನಮ್ಮ ರೈತರು ‘ದೊಡ್ಡರೋಗ’ ಎನ್ನುತ್ತಿದ್ದ ಜಾನುವಾರು ಪಿಡುಗು. ಸುತ್ತಲ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲೂ ಅದು ಅಡಗಿತು, ಕರುಗಳು ಬದುಕುಳಿದವು. 2011ರಲ್ಲಿ ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು.

ಪ್ರಶ್ನೆ: ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮಾಸಾಯಿ ಮಾರಾಕ್ಕೆ ಹೊರಟಿದ್ದೇವೆ. ಬೇಟೆ ಕಾಣಲು ಏನು ಮಾಡಬೇಕು?

ಹಿಂಡು ಅಲ್ಲಿರುವ ಕಾಲ ಅದು, ಆದರೆ ಬೇಟೆ ಬಹುಪಾಲು ರಾತ್ರಿ ನಡೆಯುತ್ತದೆ. ಮೀಸಲು ಪ್ರದೇಶದೊಳಗೆ ರಾತ್ರಿ ಸಫಾರಿ ಇಲ್ಲ, ಅಂಚಿನಲ್ಲಿ ‘ಕನ್ಸರ್ವೆನ್ಸಿ’ ಎನ್ನುವ ಖಾಸಗಿ ವನ್ಯಜೀವಿ ಪ್ರದೇಶಗಳಲ್ಲಿ ಇದೆ. ಹಗಲಿಗಾದರೆ ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಒಳಗಿರಿ. ನದಿ ದಾಟುವುದನ್ನು ನೋಡಲು ಎಲ್ಲರೂ ನೀರಿಗೇ ಕ್ಯಾಮೆರಾ ಹಿಡಿಯುತ್ತಾರೆ. ಸಿಂಹ ಕಾಯುವುದು ನೀರಿನಲ್ಲಲ್ಲ, ಹಿಂಡು ಹತ್ತಿ ಬರುವ ದಡದ ಪೊದೆಯಲ್ಲಿ. ದಣಿದು, ಒದ್ದೆಯಾಗಿ, ಒಂದರ ಹಿಂದೊಂದು ಇಕ್ಕಟ್ಟಿನ ದಾರಿಯಲ್ಲಿ ಏರುವ ಪ್ರಾಣಿಗೆ ಪಕ್ಕಕ್ಕೆ ತಿರುಗಲು ಜಾಗವಿರುವುದಿಲ್ಲ.

ವೈಲ್ಡ್‌ಬೀಸ್ಟ್‌ಗಳೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ ಅಲ್ಲಿ ಸಿಂಹವಿದೆ, ಆದರೆ ಬೇಟೆ ಆಗಲೇ ಕೆಟ್ಟಿದೆ. ನಿರಾಳವಾಗಿ ಮೇಯುತ್ತಿರುವ ಹಿಂಡಿನ ಅಂಚಿನಲ್ಲಿ, ಕೊರಕಲಿನಿಂದ ಎರಡು ಕಿವಿ ಕಂಡರೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ. ಸಿಂಹಕ್ಕೂ ಹಿಂಡಿಗೂ ನಡುವೆ ಗಾಡಿ ಹೋಗದಂತೆ ಚಾಲಕರಿಗೆ ಹೇಳಿ, ಟಿಪ್ಸಿನ ಆಸೆಗೆ ಹತ್ತಿರ ಹೋಗುವವರು ಇರುತ್ತಾರೆ. ಆಮೇಲೆ ಒಂದು ಗಂಟೆಯಾದರೂ ಕೂರುವ ತಾಳ್ಮೆ ಬೇಕು. ಅಷ್ಟು ಹೊತ್ತು ಕಾದ ಮೇಲೂ ಸಿಂಹಿಣಿ ಎದ್ದು, ಮೈ ಮುರಿದು, ನೆರಳಿಗೆ ಹೋಗಿ ಮಲಗುವ ಸಾಧ್ಯತೆಯೇ ಹೆಚ್ಚು.